ಎದುರು ಶೆಡ್ಡಿನ ಹೊಗೆ

ನಾನು ನಿಂತಿದ್ದ ಜಾಗವನ್ನು ಈಗಲೂ ಕಣ್ಣು ಮುಚ್ಚಿ ತೋರಿಸಬಲ್ಲೆ. ಕುಲುಮೆಯ ಕಟ್ಟೆಗೆ ಹತ್ತುವ ಕಬ್ಬಿಣದ ಮೆಟ್ಟಿಲಿನಿಂದ ಎಡಕ್ಕೆ ನಾಲ್ಕು ಹೆಜ್ಜೆ, ನೀರಿನ ಪೈಪಿನ ಪಕ್ಕ. "ಆ ಕಂಬದ ಕಡೆ ಹೋಗಿ ಮೇಡಮ್ಮಾ, ದುಪ್ಪಟ್ಟ ಹಾಕ್ಕೊಂಡು ಇಲ್ಲಿ ನಿಂತ್ಕೋಬಾರ್ದು" ಎಂದು ಕುಲುಮೆಯ ಮೇಸ್ತ್ರಿ ಹೇಳಿದರು. ಹೋದೆ. ಕಂಬದ ಹಿಂದೆ ಸರಿದು, ಕೈಯಲ್ಲಿದ್ದ ಹಾಳೆಯನ್ನು ಮಡಚುತ್ತಿದ್ದಾಗ ಕುಲುಮೆ ಉಗುಳಿತು. ಆಮೇಲೆ ನೋಡಿದರೆ ನೀರಿನ ಪೈಪಿನ ಪಕ್ಕದ ನೆಲದ ಮೇಲೆ ತಟ್ಟೆಯಗಲದ ಕಬ್ಬಿಣ ಹೆಪ್ಪುಗಟ್ಟಿ ಕೂತಿತ್ತು.

ನನ್ನನ್ನು ಸರಿಸಿದ ಮೇಸ್ತ್ರಿ ತಾವು ಸರಿಯಲಿಲ್ಲ. ಸರಿಯಲು ಅವರಿಗೆ ಸಮಯವಿರಲಿಲ್ಲ.

ಅದು ಆಗಿ ಒಂದು ವರ್ಷ ದಾಟಿದೆ. ಈಗಲೂ ಭದ್ರಾವತಿಯ ನಮ್ಮ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದರೆ ನಾನು ಅಡುಗೆಮನೆಯಿಂದ ಹೊರಗೆ ಬರುತ್ತೇನೆ. ಅಮ್ಮ ಮೊದಮೊದಲು ನಕ್ಕರು, ಆಮೇಲೆ ಒಗ್ಗರಣೆ ಹಾಕುವಾಗ ಬಾಗಿಲು ಮುಂದೆ ಮಾಡಲು ಶುರುಮಾಡಿದರು. ಎಲ್ಲರೂ ಇದನ್ನು ಅಪಘಾತ ಎನ್ನುತ್ತಾರೆ. ಅದರ ಹಿಂದೆ ಒಂದು ನಿರ್ಧಾರವಿತ್ತು, ಆ ನಿರ್ಧಾರದಲ್ಲಿ ನನ್ನ ಕೈ ಇತ್ತು. ಅದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಕೆಲಸಕ್ಕಿದ್ದದ್ದು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫೌಂಡ್ರಿಯಲ್ಲಿ. ಹಳೆ ಕಬ್ಬಿಣವನ್ನು, ಅಂದರೆ ಸ್ಕ್ರ್ಯಾಪನ್ನು, ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ನೀರೆತ್ತುವ ಪಂಪಿನ ಕವಚಗಳನ್ನು ಮಾಡಿಕೊಡುವ ಕಾರ್ಖಾನೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಭದ್ರಾವತಿಯ ಕಾಲೇಜೊಂದರಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ಮೂರನೇ ವರ್ಷ ಕರೆ ಬರದೆ ಇಲ್ಲಿಗೆ ಸೇರಿದ್ದೆ. ಗಿರಾಕಿಗಳಿಗೆ ಯಾವ ದರ ಹೇಳಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮಾಲೀಕರು ಐವತ್ತರ ಆಸುಪಾಸಿನ ಮಾತುಗಾರರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏನ್ ಎಂ.ಎ., ನಿಮ್ಮ ಪುಸ್ತಕ ಏನ್ ಹೇಳುತ್ತೆ ಇವತ್ತು?" ಎನ್ನುತ್ತಾ ಬೆಳಿಗ್ಗೆ ಒಳಗೆ ಬರುತ್ತಿದ್ದರು.

ರಸ್ತೆಯ ಆಚೆ ನಮ್ಮ ಎದುರಿಗೇ ಇನ್ನೊಂದು ಫೌಂಡ್ರಿ. ಅಷ್ಟೇ ದೊಡ್ಡದು, ಅದೇ ಬಗೆಯ ಮಾಲು. ಅದರ ಮಾಲೀಕರೂ ನಮ್ಮವರೂ ಹುಡುಗರಾಗಿದ್ದಾಗ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಎರಡು ಶೆಡ್ಡುಗಳ ನಡುವೆ ಹಳೆಯದೊಂದು ಪದ್ಧತಿ ಇತ್ತು. ಒಬ್ಬರ ಕುಲುಮೆ ಕೈಕೊಟ್ಟರೆ ಇನ್ನೊಬ್ಬರು ಹೊಯ್ದುಕೊಡುವುದು. ಒಬ್ಬರ ಹತ್ತಿರ ಕರಗಿದ ಕಬ್ಬಿಣಕ್ಕೆ ಹದಕ್ಕೆಂದು ಬೆರೆಸುವ ಮಿಶ್ರಲೋಹದ ಚೀಲ ಮುಗಿದರೆ ಇನ್ನೊಬ್ಬರ ಗೋಡೌನಿನಿಂದ ಕೇಳದೆಯೇ ಹೊತ್ತು ತರುವುದು. ದರದ ಬಗ್ಗೆ ಒಪ್ಪಂದ ಅಂತ ಏನೂ ಇರಲಿಲ್ಲ. ಆದರೆ ಇಬ್ಬರೂ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ಯಾರ ಹೊಟ್ಟೆ ಎಷ್ಟಕ್ಕೆ ತುಂಬುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದು ಕಂಪನಿಯ ಕೆಲಸ ಇವರಿಗಾದರೆ ಮುಂದಿನದು ಅವರಿಗೆ. ಹಾಗೆ ನಡೆಯುತ್ತಿತ್ತು.

ಆಮೇಲೆ ಪಂಪು ಮಾಡುವ ದೊಡ್ಡ ಕಂಪನಿ ಹೊಸ ವ್ಯವಸ್ಥೆ ತಂದಿತು. ಇನ್ನು ಮೇಲೆ ಕಾಗದದಲ್ಲಿ ದರ ಕೊಡುವ ಹಾಗಿಲ್ಲ, ಕಂಪ್ಯೂಟರಿನಲ್ಲಿ ಹರಾಜು. ಅದೂ ತಲೆಕೆಳಗಾದ ಹರಾಜು: ಅಡಿಕೆ ಮಂಡಿಯಲ್ಲಿ ಏರಿಸುತ್ತಾ ಹೋಗುತ್ತಾರಲ್ಲ, ಇಲ್ಲಿ ಇಳಿಸುತ್ತಾ ಹೋಗಬೇಕು. ಪರದೆಯ ಮೇಲೆ ಎದುರಾಳಿಯ ದರ ಕಾಣುವುದಿಲ್ಲ. ನೀವು ಒಂದನೆಯವರೋ ಎರಡನೆಯವರೋ, ಅಷ್ಟೇ ಕಾಣುತ್ತದೆ. ಅದರ ಜೊತೆಗೆ, ಹರಾಜಿನ ವಾರದಲ್ಲಿ ಇಬ್ಬರೂ ಮಾತಾಡಿಕೊಂಡದ್ದು ಗೊತ್ತಾದರೆ ಇಬ್ಬರನ್ನೂ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಕಂಪನಿಯ ಖರೀದಿ ಅಧಿಕಾರಿ ಫೋನಿನಲ್ಲಿ ಎಚ್ಚರಿಸಿದರು. ನಮ್ಮ ಮಾಲೀಕರು ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಫ್ಲಾಸ್ಕಿನಲ್ಲಿ ತರಿಸಿಕೊಂಡು ಕುಡಿಯತೊಡಗಿದರು.

ನನಗೆ ಒಳಗೊಳಗೇ ಸಂಭ್ರಮ. ಎಂ.ಎ. ಎರಡನೇ ವರ್ಷದಲ್ಲಿ ಇದನ್ನೇ ಓದಿದ್ದೆ. ನಮ್ಮ ಮೇಷ್ಟರು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ಹೇಳುತ್ತಿದ್ದರು: ಎರಡು ಅಂಗಡಿಯವರೂ ದರ ಹಿಡಿದಿಟ್ಟರೆ ಇಬ್ಬರಿಗೂ ಊಟ. ಒಬ್ಬ ಇಳಿಸಿದರೆ ಅವನಿಗೆ ಎರಡು ಊಟ, ಇನ್ನೊಬ್ಬನಿಗೆ ಉಪವಾಸ. ಉಪವಾಸದ ಹೆದರಿಕೆಯಿಂದ ಇಬ್ಬರೂ ಇಳಿಸುತ್ತಾರೆ, ಇಬ್ಬರೂ ಅರೆಹೊಟ್ಟೆಯಲ್ಲಿ ಮಲಗುತ್ತಾರೆ. ಯಾರೂ ಮೂರ್ಖರಲ್ಲ, ಯಾರೂ ಕೆಟ್ಟವರಲ್ಲ, ಆದರೂ ಇಬ್ಬರೂ ಬಂದು ನಿಲ್ಲುವುದು ಆ ಚೌಕದಲ್ಲೇ. ಇದನ್ನು ನಾನೂ ಭದ್ರಾವತಿಯ ಹುಡುಗರಿಗೆ ಪಾಠ ಮಾಡಿದ್ದೆ, ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಕೆಳಗೆ ಗೆರೆ ಎಳೆಸಿದ್ದೆ. ಮಾಲೀಕರಿಗೂ ಚೌಕ ಬರೆದು ವಿವರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಸರಿ ಮಾರಾಯ್ತಿ, ಅರೆಹೊಟ್ಟೆ ಅಂತ ನಂಗೂ ಗೊತ್ತು. ಅವ್ನ ಅರೆಹೊಟ್ಟೆ ಎಷ್ಟಕ್ಕೆ ತುಂಬುತ್ತೆ, ಅದನ್ ಹೇಳು."

ಅದನ್ನು ತಿಳಿಯಲು ನಮಗಿದ್ದದ್ದು ಒಂದು ಕಿಟಕಿ. ಮಾತು ನಿಂತ ಮೇಲೆ ನಾವು ಎದುರಿನವರನ್ನು ಆಫೀಸಿನ ಕಿಟಕಿಯಿಂದ ಓದಲು ಶುರುಮಾಡಿದೆವು. ಎಷ್ಟು ಲಾರಿ ಬಂತು, ಎಷ್ಟು ಜನ ಎರಡನೇ ಪಾಳಿಗೆ ಬಂದರು, ಮರಳು ಹೊಸದೋ ಹಳೆಯದೋ. ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತಿದ್ದದ್ದು ಅವರ ಒಣಗೂಡಿನ ಹೊಗೆ.

ಮಳೆಗಾಲದಲ್ಲಿ ಸ್ಕ್ರ್ಯಾಪ್ ತೊಯ್ದಿರುತ್ತದೆ. ಅದನ್ನು ಹಾಗೇ ಕರಗಿದ ಕಬ್ಬಿಣದೊಳಕ್ಕೆ ಹಾಕಬಾರದು. ಒಂದು ಲೋಟ ನೀರು ಕಬ್ಬಿಣದ ಅಡಿಗೆ ಹೋಗಿ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಆವಿಯಾಗಿ ಮೇಲಿನದನ್ನೆಲ್ಲ ಎತ್ತಿ ಎಸೆಯುತ್ತದೆ. ಹಾಗಾಗಿ ಪ್ರತಿ ಫೌಂಡ್ರಿಯಲ್ಲೂ ಒಂದು ಮೂಲೆಯಲ್ಲಿ ಎಣ್ಣೆ ಬರ್ನರ್ ಹಚ್ಚಿ ಸ್ಕ್ರ್ಯಾಪ್ ಒಣಗಿಸುವ ಗೂಡು ಇರುತ್ತದೆ. ಮಳೆಗಾಲ ಪೂರ್ತಿ ಅದರ ಕೊಳವೆಯಿಂದ ಕಪ್ಪು ಹೊಗೆ ಹೋಗುತ್ತಿರಬೇಕು. ಆ ಎಣ್ಣೆಯ ಖರ್ಚು ಸಣ್ಣದಲ್ಲ. ನನ್ನ ಲೆಕ್ಕದ ಹಾಳೆಯಲ್ಲಿ ಅದಕ್ಕೆ ಒಂದು ಸಾಲು ಇತ್ತು: ಒಣಗಿಸುವುದು, ಕಿಲೋಗೆ ಒಂದು ರೂಪಾಯಿ ಎಂಬತ್ತು ಪೈಸೆ.

ಮಳೆ ಹಿಡಿದು ಹತ್ತು ದಿನವಾಗಿತ್ತು. ಎದುರಿನ ಕೊಳವೆಯಲ್ಲಿ ಹೊಗೆ ಇರಲಿಲ್ಲ. ಅದನ್ನು ಗಮನಿಸಿದ್ದು ನಾನು.

"ಸಾರ್, ಅವರು ಒಣಗಿಸೋದನ್ನ ನಿಲ್ಲಿಸಿದಾರೆ. ಹತ್ತು ದಿನದಿಂದ ಬರ್ನರ್ ಹಚ್ಚಿಲ್ಲ. ಕುಲುಮೆ ಮಾತ್ರ ದಿನಾ ನಡೀತಿದೆ" ಎಂದೆ.

ಮಾಲೀಕರು ಕಿಟಕಿಗೆ ಬಂದು ನಿಂತರು. ತುಂಬ ಹೊತ್ತು ನೋಡಿದರು. "ಕಳ್ಳ ನನ್ ಮಗ" ಎಂದರು, ಸಿಟ್ಟಿಗಿಂತ ಮೆಚ್ಚುಗೆಯಲ್ಲಿ. "ಅದಕ್ಕೇ ನೋಡು, ಹೋದ ಸಲದ ಕೆಲಸ ಅಷ್ಟು ಕಮ್ಮಿಗೆ ಎತ್ಕೊಂಡ."

ನನ್ನ ಊಹೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದಕ್ಕೆ ಬೇರೆ ಅರ್ಥ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಎದುರಾಳಿ ಮುಚ್ಚಿಟ್ಟ ಇಸ್ಪೀಟಿನ ಎಲೆಯೊಂದನ್ನು ನಾನು ಹಿಂದಿನಿಂದ ಓದಿಬಿಟ್ಟಿದ್ದೆ. ಹಾಗೆಂದುಕೊಂಡೆ.

ಹರಾಜು ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ನಾನು ಲ್ಯಾಪ್‌ಟಾಪಿನ ಮುಂದೆ, ಮಾಲೀಕರು ನನ್ನ ಕುರ್ಚಿಯ ಹಿಂದೆ. ಇನ್ನೂರು ಅಡಿ ಆಚೆ, ರಸ್ತೆಯ ಇನ್ನೊಂದು ಬದಿಯಲ್ಲಿ, ಅವರೂ ಹೀಗೇ ಕೂತಿದ್ದರು. ಅವರ ಕಿಟಕಿಯ ಪರದೆ ಎಳೆದಿತ್ತು. ನಾವು ಕಿಲೋಗೆ ತೊಂಬತ್ತೆಂಟಕ್ಕೆ ಶುರುಮಾಡಿದೆವು. ಎರಡನೆಯವರು. ತೊಂಬತ್ತೇಳು: ಒಂದನೆಯವರು. ನಾಲ್ಕು ನಿಮಿಷ ಕಳೆದು ಮತ್ತೆ ಎರಡನೆಯವರು. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಇಳಿಸಿದರೆ ಸಮಯ ಇನ್ನೈದು ನಿಮಿಷ ಮುಂದಕ್ಕೆ ಹೋಗುತ್ತದೆ. ಹೀಗೆ ಹನ್ನೊಂದೂವರೆಗೆ ಮುಗಿಯಬೇಕಾದದ್ದು ಒಂದು ಗಂಟೆಯವರೆಗೂ ಎಳೆಯಿತು. ಇನ್ನು ಇಳಿದರೆ ನಷ್ಟ ಎಂದು ನಾನು ಹಾಕಿಟ್ಟುಕೊಂಡಿದ್ದ ಗೆರೆ ತೊಂಬತ್ನಾಲ್ಕು. ತೊಂಬತ್ನಾಲ್ಕಕ್ಕೂ ಎರಡನೆಯವರೇ.

"ನಿಲ್ಲಿಸೋಣ್ವಾ ಸಾರ್?"

"ಈ ಕೆಲಸ ಹೋದ್ರೆ ವರ್ಷ ಪೂರ್ತಿ ಏನ್ ಹೊಯ್ಯೋದು, ನನ್ ತಲೆನಾ?" ಅವರ ಉಸಿರು ನನ್ನ ಕಿವಿಗೆ ತಾಕುತ್ತಿತ್ತು. "ಆ ಒಣಗಿಸೋದನ್ನ ತೆಗೆದ್ರೆ?"

ಅವರು ಆಜ್ಞೆ ಮಾಡಲಿಲ್ಲ, ಕೇಳಿದರು. ನಾನು ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಆ ಸಾಲನ್ನು ಹೊಡೆದುಹಾಕಿದೆ. ತೊಂಬತ್ತೆರಡು ರೂಪಾಯಿ ಇಪ್ಪತ್ತು ಪೈಸೆ ಎಂದು ಒತ್ತಿದೆ. ಒಂದನೆಯವರು ಎಂದು ಹಸಿರು ಬಣ್ಣದಲ್ಲಿ ಬಂತು. ಐದು ನಿಮಿಷ ಕಾದೆವು. ಗಡಿಯಾರ ಸೊನ್ನೆಗೆ ಬಂತು, ಎದುರಿನಿಂದ ಉತ್ತರ ಬರಲಿಲ್ಲ.

ಮಾಲೀಕರು ಬೇಕರಿಯಿಂದ ಜಹಾಂಗೀರು, ಖಾರಾ ತರಿಸಿ ಶೆಡ್ಡಿನವರಿಗೆಲ್ಲ ಹಂಚಿದರು. "ನಮ್ ಎಂ.ಎ. ಅವ್ನ ಹೊಟ್ಟೆ ಒಳಗೇ ಕೈ ಹಾಕಿ ನೋಡಿಬಿಟ್ಲು" ಎಂದು ಎಲ್ಲರೆದುರು ಹೊಗಳಿದರು. ನಾನು ನಾಚಿಕೊಂಡು ಎರಡು ಜಹಾಂಗೀರು ತಿಂದೆ.

ಮರುವಾರ ನಮ್ಮ ಬರ್ನರೂ ನಿಂತಿತು. ಅಂದೇ ಮೇಸ್ತ್ರಿ ನನ್ನ ಮೇಜಿಗೆ ಬಂದರು. ಅವರು ಭದ್ರಾವತಿಯ ಹಳೇ ಪೇಟೆಯವರು, ಮನೆಮಾತು ತಮಿಳು. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತ ಮುಖ, ಹುಬ್ಬಿನ ಕೂದಲು ಎಂದೋ ಸುಟ್ಟು ಹೋಗಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವುದು ಅವರ ಅಭ್ಯಾಸ. ಎಷ್ಟು ಬೇಡವೆಂದರೂ ಕೇಳುತ್ತಿರಲಿಲ್ಲ.

"ಮೇಡಮ್ಮಾ, ಸ್ಕ್ರ್ಯಾಪ್ ತೊಯ್ದು ತೊಪ್ಪೆ ಆಗಿದೆ. ಬರ್ನರ್ ಹಚ್ಚಬೇಡ ಅಂತಾರೆ ಸಾಹುಕಾರ್ರು. ನೀವು ಒಂದ್ ಮಾತು ಹೇಳಿ."

"ಎದುರುಗಡೆಯವ್ರೂ ಹಚ್ತಿಲ್ಲ ಮೇಸ್ತ್ರಿ. ಅವ್ರು ಮಾಡ್ತಿದಾರಲ್ಲ."

"ಅವ್ರು ಹಚ್ತಿಲ್ಲ, ಅದು ನಿಜ" ಎಂದರು. ಇನ್ನೇನೋ ಹೇಳುವವರ ಹಾಗೆ ನಿಂತರು. ನನ್ನ ಫೋನು ಹೊಡೆದುಕೊಂಡಿತು. ಅದು ಪಂಪು ಕಂಪನಿಯದು, ತೆಗೆದುಕೊಂಡೆ. ನಾನು ಮಾತು ಮುಗಿಸುವಷ್ಟರಲ್ಲಿ ಮೇಸ್ತ್ರಿ ಚಪ್ಪಲಿ ಮೆಟ್ಟಿ ಹೊರಟಿದ್ದರು.

ಅವರು ತಮ್ಮದೇ ಒಂದು ದಾರಿ ಕಂಡುಕೊಂಡರು. ಬೆಳಿಗ್ಗೆ ಕುಲುಮೆ ತಣ್ಣಗಿರುವಾಗಲೇ ಹೆಚ್ಚು ತೊಯ್ದದ್ದನ್ನು ತಳಕ್ಕೆ ತುಂಬುವುದು. ಕಬ್ಬಿಣ ಕರಗುವ ಮುಂಚೆಯೇ ಅದರ ನೀರು ಆರುತ್ತದೆ. ಆಮೇಲೆ ಹಾಕಬೇಕಾದ್ದನ್ನು ಕುಲುಮೆಯ ಬಾಯಿಯ ಸುತ್ತ ಜೋಡಿಸಿ ಬಿಸಿ ತಾಗಿಸುವುದು, ಒಂದೊಂದನ್ನೂ ಎತ್ತಿ, ಅಲುಗಿಸಿ, ತೂಕ ನೋಡಿ ಹಾಕುವುದು. ಇದರಿಂದ ಕರಗಿಸುವ ಒಂದೊಂದು ಸುತ್ತಿಗೂ ಅರ್ಧ ಗಂಟೆ ಹೆಚ್ಚು ಬೇಕಾಗುತ್ತಿತ್ತು. ಮೂರು ವಾರ ಹಾಗೆ ನಡೆಯಿತು. ಏನೂ ಆಗಲಿಲ್ಲ. ಏನೂ ಆಗದ ಪ್ರತಿ ದಿನವೂ ನನ್ನ ಲೆಕ್ಕ ಸರಿ ಎಂದು ನನಗೆ ಹೇಳುತ್ತಿತ್ತು.

ಆ ದಿನ ಬೆಳಿಗ್ಗೆ ಪಂಪು ಕಂಪನಿಯಿಂದ ಮೇಲ್ ಬಂದಿತ್ತು, ಮಾಲು ತಡವಾಗುತ್ತಿದೆ ಎಂದು. ಮಾಲೀಕರು ಶಿವಮೊಗ್ಗದ ಬ್ಯಾಂಕಿಗೆ ಹೋಗಿದ್ದರು. ದಿನಕ್ಕೆ ಇನ್ನೊಂದು ಸುತ್ತು ಕರಗಿಸಲು ಆಗುತ್ತದೆಯೇ ಎಂದು ಕೇಳಲು ನಾನೇ ಹಾಳೆ ಹಿಡಿದು ಶೆಡ್ಡಿಗೆ ಹೋದೆ. ಮೇಸ್ತ್ರಿ ಕಟ್ಟೆಯ ಮೇಲಿದ್ದರು. ನನ್ನನ್ನು ಕಂಬದ ಕಡೆ ಕಳಿಸಿ, "ಏನ್ ಕೇಳಿದ್ರಿ?" ಎಂದು ಕೂಗಿದರು. ಸದ್ದಿಗೆ ಕೇಳಿಸಿರಲಿಲ್ಲ.

"ಇನ್ನೊಂದು ಸುತ್ತು! ದಿನಕ್ಕೆ! ಆಗುತ್ತಾ?" ನಾನೂ ಕೂಗಿದೆ.

ಅವರು ನನ್ನ ಕಡೆ ತಿರುಗಿ ನಕ್ಕರು. "ಆಗುತ್ತೆ ಮೇಡಮ್ಮಾ, ನೀವು ಬಂದು ಒಂದು ಕೈ ಹಾಕಿದ್ರೆ!" ನಗುತ್ತಲೇ ಕುಲುಮೆಯ ಬಾಯಿಯ ಪಕ್ಕದಲ್ಲಿದ್ದ ಗಂಟೊಂದನ್ನು ಒಳಕ್ಕೆ ತಳ್ಳಿದರು. ತಗಡಿನ ಚೂರುಗಳನ್ನು ಯಂತ್ರದಲ್ಲಿ ಒತ್ತಿ ಕಟ್ಟಿದ ಗಂಟು ಅದು. ಹೊರಗೆ ಒಣಗಿ ಕಾಣುತ್ತದೆ, ಹೊಟ್ಟೆಯಲ್ಲಿ ನೀರು ಹಿಡಿದಿರುತ್ತದೆ. ಆ ಒಂದನ್ನು ಅವರು ಅಲುಗಿಸಿ ನೋಡಲಿಲ್ಲ. ನನಗೆ ಉತ್ತರ ಕೊಡುತ್ತಿದ್ದರು.

ನಾನು ತಲೆ ಬಗ್ಗಿಸಿ ಹಾಳೆ ಮಡಚುತ್ತಿದ್ದೆ. ಮೊದಲು ಬೆಳಕು ಬಂದಿತೋ ಸದ್ದು ಬಂದಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ದಿನವೂ ಇದನ್ನು ತಲೆಯೊಳಗೆ ಮತ್ತೆ ನಡೆಸಿ ನೋಡುತ್ತೇನೆ, ಒಂದೊಂದು ಸಲ ಒಂದೊಂದು ಮೊದಲು ಬರುತ್ತದೆ. ಚಾವಣಿಯ ತಗಡಿಗೆ ಕಬ್ಬಿಣದ ಹನಿಗಳು ಬಡಿದು ವಾಪಸು ಬಿದ್ದವು. ಮರಳಿನ ಮೇಲೆ ಚಿಟಚಿಟ ಸದ್ದು. ಯಾರೋ ವಿದ್ಯುತ್ತಿನ ಸ್ವಿಚ್ಚು ಕೆಳಗೆಳೆದರು. ಮೇಸ್ತ್ರಿ ಕಟ್ಟೆಯ ಮೇಲಿಂದ ಕೆಳಗಿನ ಮರಳಿನ ರಾಶಿಗೆ ಬಿದ್ದಿದ್ದರು. ಅವರ ಎರಡೂ ಕೈ ಮುಖದ ಮೇಲಿದ್ದವು. ಕೂಗಲಿಲ್ಲ. ಕೂಗಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

ಎದುರು ಶೆಡ್ಡಿನವರು ಮೊದಲು ಬಂದರು. ಅವರ ಮಾಲೀಕರೇ ಕಂಬಳಿ ಹಿಡಿದು ಓಡಿಬಂದಿದ್ದರು. ಅವರ ಕುಲುಮೆಯವನು "ಮಾಮಾ, ಮಾಮಾ" ಎನ್ನುತ್ತಾ ಮೇಸ್ತ್ರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನು ಮೇಸ್ತ್ರಿಯ ಹೆಂಡತಿಯ ತಮ್ಮ ಎಂದು ನನಗೆ ಆಗಲೇ ತಿಳಿದದ್ದು. ಮೇಸ್ತ್ರಿಯನ್ನು ವ್ಯಾನು ಹತ್ತಿಸಿದ ಮೇಲೆ ಅವನು ಜೊತೆಗೆ ಹೋಗಲಿಲ್ಲ. ಒಳಗೆ ಬಂದು, ನಮ್ಮ ಕುಲುಮೆಯಲ್ಲಿ ಉಳಿದಿದ್ದ ಕಬ್ಬಿಣ ಹೆಪ್ಪುಗಟ್ಟಿ ಕುಲುಮೆಯೇ ಹಾಳಾಗುವ ಮುಂಚೆ ಅದನ್ನು ಬಗ್ಗಿಸಿ ಮರಳಿಗೆ ಸುರಿದ. ಶೆಡ್ಡುಗಳ ನಡುವಿನ ಹಳೆಯ ಪದ್ಧತಿ ಅದು, ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೇಸ್ತ್ರಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದರು. ಬಲಗಣ್ಣು ಹೋಯಿತು. ಎಡಗಣ್ಣಿನ ಬಗ್ಗೆ ಡಾಕ್ಟರು ಏನೂ ಹೇಳದೆ ಕಟ್ಟು ಹಾಕಿ ಮನೆಗೆ ಕಳಿಸಿದರು. ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಈ ಹೊತ್ತಿಗೆ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರು ವಿಚಾರಣೆಗೆ ಬರುವ ದಿನ ನಿಗದಿಯಾಗಿತ್ತು.

ಅದರ ಹಿಂದಿನ ದಿನ ಮಾಲೀಕರು ನನ್ನನ್ನು ಕರೆದು ಟೈಪು ಮಾಡಿದ ಒಂದು ಕಾಗದ ಕೊಟ್ಟರು. ಅವರು ಗಡ್ಡ ತೆಗೆಯದೆ ವಾರವಾಗಿತ್ತು.

"ಮೇಸ್ತ್ರಿ ಹತ್ರ ಇದಕ್ಕೆ ಒಂದು ಹೆಬ್ಬೆಟ್ಟು ಹಾಕಿಸ್ಕೊಂಡು ಬಾ. ನಿನ್ ಮಾತು ಕೇಳ್ತಾನೆ ಅವ್ನು. ಆಸ್ಪತ್ರೆದು, ಔಷಧಿದು, ಎಲ್ಲಾ ನಾನು ನೋಡ್ಕೋತೀನಿ, ಸಾಯೋವರೆಗೂ. ಆದ್ರೆ ತಪ್ಪು ನಮ್ದು ಅಂತಾದ್ರೆ ಬಾಗಿಲು ಹಾಕ್ತಾರೆ. ಮೂವತ್ತು ಮನೆ ಇದೆ ಇಲ್ಲಿ, ಗೊತ್ತಲ್ಲ."

ನನಗೆ ಗೊತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಾಗದದಲ್ಲಿ ಏನಿದೆ ಎಂದು ಬಸ್ಸಿನಲ್ಲಿ ಓದಿದೆ. ಅದಕ್ಕೆ ಹೆಬ್ಬೆಟ್ಟು ಬಿದ್ದರೆ ಮೇಸ್ತ್ರಿಗೆ ಪರಿಹಾರ ಸಿಗುವುದಿಲ್ಲ, ಮೂವತ್ತು ವರ್ಷದ ಕೆಲಸಗಾರ ಬೇಜವಾಬ್ದಾರಿ ಎಂದು ಸರ್ಕಾರಿ ದಾಖಲೆಯಲ್ಲಿ ಸೇರುತ್ತದೆ.

ಹಳೇ ಪೇಟೆಯ ಅವರ ಮನೆಯಲ್ಲಿ ಮೇಸ್ತ್ರಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಎರಡೂ ಕಣ್ಣಿಗೆ ಬಿಳಿ ಕಟ್ಟು. ನನ್ನ ಹೆಜ್ಜೆಗೇ ಮುಖ ಎತ್ತಿದರು.

"ಮೇಡಮ್ಮನಾ? ಚಪ್ಪಲಿ ಹಾಕ್ಕೊಂಡೇ ಬನ್ನಿ, ನೆಲ ಹಸಿ ಇದೆ."

ಅವರ ಹೆಂಡತಿ ಟೀ ಕೊಟ್ಟು ನನ್ನ ಎದುರಿಗೇ ಕೂತರು. ನಾನು ಕಾಗದ ತೆಗೆದೆ. ಸಾಹುಕಾರರು ಕಳಿಸಿದ್ದಾರೆ, ಹೆಬ್ಬೆಟ್ಟು ಬೇಕಂತೆ ಎಂದೆ.

"ಏನ್ ಬರ್ದಿದೆ, ಓದಿ ಹೇಳಮ್ಮ" ಎಂದರು ಆಕೆ. "ನಂಗೆ ಕನ್ನಡ ಮಾತಾಡಕ್ಕೆ ಬರುತ್ತೆ, ಓದಕ್ಕೆ ಬರಲ್ಲ. ಇವ್ರು ಓದ್ತಿದ್ರು, ಈಗ ಕಣ್ಣಿಲ್ಲ."

ಇನ್ಶೂರೆನ್ಸಿನ ಕಾಗದ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆಕೆ ಶಾಯಿಯ ಡಬ್ಬಿ ಕೇಳುತ್ತಿದ್ದರು, ಅಷ್ಟೇ. ಆ ಮಾತು ನನ್ನ ಗಂಟಲಿನವರೆಗೆ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನನ್ನು ಕಂಬದ ಹಿಂದೆ ಕಳಿಸಿದ ಮನುಷ್ಯ ಆ ಕಟ್ಟಿದ ಕಣ್ಣುಗಳನ್ನು ನನ್ನ ಕಡೆಗೇ ಇಟ್ಟುಕೊಂಡು ಕೂತಿದ್ದರು. ಓದಿದೆ. ಒಂದು ಅಕ್ಷರ ಬಿಡದೆ ಓದಿದೆ. "ಮೇಲಿನವರ ಸೂಚನೆಯನ್ನು ಮೀರಿ, ನನ್ನ ಸ್ವಂತ ಅಜಾಗರೂಕತೆಯಿಂದ, ಒಣಗಿಸದ ಸ್ಕ್ರ್ಯಾಪನ್ನು ಕುಲುಮೆಗೆ ಹಾಕಿರುತ್ತೇನೆ."

ಮೇಸ್ತ್ರಿ ಕೇಳಿದರು: "ಸೂಚನೆ ಮೀರಿ ಅಂತ ಇದೆಯಾ?"

"ಇದೆ."

"ಯಾವ ಸೂಚನೆ ಮೇಡಮ್ಮಾ? ಒಣಗಿಸಬೇಡ ಅಂತ ಅಲ್ವಾ ಸೂಚನೆ ಇದ್ದಿದ್ದು?"

ಹೆಂಡತಿ ತಮಿಳಿನಲ್ಲಿ ಜೋರಾಗಿ ಏನೋ ಅಂದರು. ಅವರು ಎಡಗೈ ಎತ್ತಿ ಸುಮ್ಮನಿರಿಸಿದರು. ನಾನು, ಯಾಕೆಂದು ಗೊತ್ತಿಲ್ಲ, ನನ್ನನ್ನು ಸಮರ್ಥಿಸಿಕೊಳ್ಳಲು ಹೊರಟೆ. ಎದುರಿನವರೂ ಒಣಗಿಸುತ್ತಿರಲಿಲ್ಲ, ಅದನ್ನು ನೋಡಿಯೇ ನಾವು ನಿಲ್ಲಿಸಿದ್ದು, ಅವರು ಹಾಗೆ ಮಾಡದಿದ್ದರೆ ನಾವೂ ಮಾಡುತ್ತಿರಲಿಲ್ಲ ಎಂದೆ.

"ಅವ್ರ ಬರ್ನರ್ ಕೆಟ್ಟೋಗಿತ್ತು" ಎಂದರು ಮೇಸ್ತ್ರಿ. "ರಿಪೇರಿಗೆ ಹೋಗಿತ್ತು, ಒಂದು ತಿಂಗಳು ಬರ್ಲಿಲ್ಲ. ಬೇಸ್ಗೇಲೇ ತರಿಸಿಟ್ಟ ಒಣ ಸ್ಕ್ರ್ಯಾಪ್ ಗೋಡೌನಲ್ಲಿತ್ತು, ಅದನ್ನೇ ಹಾಕ್ತಿದ್ರು. ಹಸೀದು ಒಂದು ಚೂರೂ ಮುಟ್ಟಿಲ್ಲ."

"ನಿಮ್ಗೆ ಹೆಂಗ್ ಗೊತ್ತು?"

"ನನ್ ಬಾಮೈದ ಅಲ್ಲೇ ಅಲ್ವಾ ಇರೋದು? ದಿನಾ ಒಂದೇ ಬಸ್ಸಲ್ಲಿ ಬರ್ತೀವಿ, ಒಂದೇ ಬಸ್ಸಲ್ಲಿ ಹೋಗ್ತೀವಿ. ಅವ್ರ ಶೆಡ್ಡಲ್ಲಿ ಸೊಳ್ಳೆ ಸತ್ರೂ ನಂಗೆ ಗೊತ್ತಾಗುತ್ತೆ."

"ಮತ್ತೆ ಆವತ್ತು ಹೇಳ್ಲಿಲ್ವಲ್ಲ ಮೇಸ್ತ್ರಿ?"

"ಹೇಳಕ್ ಬಂದೆ. ನೀವು ಫೋನ್ ತಗೊಂಡ್ರಿ. ಆಮೇಲೆ ಅನ್ಕೊಂಡೆ, ಆಫೀಸ್ನೋರು ಓದ್ದೋರು, ಏನೋ ಲೆಕ್ಕ ಇರುತ್ತೆ ಅಂತ." ಮೆಲ್ಲಗೆ ಸೇರಿಸಿದರು: "ಕೇಳಿದ್ರೆ ಹೇಳ್ತಿದ್ನಲ್ಲಮ್ಮ."

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಚೌಕಗಳಲ್ಲಿ ಆಟಗಾರರು ಇಬ್ಬರೇ. ಅವರು ಪರಸ್ಪರ ಮಾತಾಡುವಂತಿಲ್ಲ ಎಂಬುದು ಲೆಕ್ಕದ ಮೊದಲ ಸಾಲು. ಆ ಸಾಲನ್ನು ನಾನು ಎಷ್ಟು ನಂಬಿದ್ದೆನೆಂದರೆ, ಎರಡು ಶೆಡ್ಡುಗಳ ಜನ ಪ್ರತಿ ದಿನ ಬೆಳಿಗ್ಗೆ ಸಂಜೆ ಒಂದೇ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಆ ಬಸ್ಸಿನಲ್ಲಿ ನಾನೂ ಎಷ್ಟೋ ಸಲ ಕೂತಿದ್ದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು.

"ಹೆಬ್ಬೆಟ್ಟು ಹಾಕಬೇಕಾ ಮೇಡಮ್ಮಾ?" ಎಂದು ಅವರು ಕೇಳಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು.

"ಬೇಡ" ಎಂದೆ.

ಮರುದಿನ ಇನ್‌ಸ್ಪೆಕ್ಟರಿಗೆ ನಾನು ಹರಾಜಿನ ದಿನದ ಲೆಕ್ಕದ ಹಾಳೆ ಕೊಟ್ಟೆ. ಹೊಡೆದುಹಾಕಿದ ಸಾಲು, ಪಕ್ಕದಲ್ಲಿ ನನ್ನ ಕೈಬರಹದಲ್ಲಿ ಹೊಸ ದರ. ಹೊಗೆ ನೋಡಿ ಊಹಿಸಿದ್ದು ನಾನು, ಸಾಲು ಹೊಡೆದದ್ದು ನಾನು, ಬರ್ನರ್ ಹಚ್ಚಿಸಿ ಎಂದು ಮೇಸ್ತ್ರಿ ಬಂದಾಗ ವಾಪಸು ಕಳಿಸಿದ್ದು ನಾನು ಎಂದು ಬರೆದುಕೊಟ್ಟೆ. ಬರ್ನರ್ ಹಚ್ಚಬಾರದು ಎಂದ ಮಾಲೀಕರ ಮಾತನ್ನೂ ಬರೆದೆ. ಅವರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಇನ್‌ಸ್ಪೆಕ್ಟರು ಹೋದ ಮೇಲೆ ಮಾಲೀಕರು ನನ್ನ ಕಡೆ ತಿರುಗಿದರು.

"ನಿಂಗೆ ಅನ್ನ ಹಾಕಿದ್ದೆ ನಾನು" ಎಂದರು. ಬೈಯುವ ಶಕ್ತಿಯೂ ಅವರಲ್ಲಿರಲಿಲ್ಲ.

"ಹೌದು ಸಾರ್" ಎಂದೆ.

ಕುಲುಮೆಗೆ ಬೀಗಮುದ್ರೆ ಬಿತ್ತು. ಮೂವತ್ತು ಮನೆಗಳಲ್ಲಿ ಕೆಲವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಕೆಲವರಿಗೆ ಇನ್ನೂ ಸಿಕ್ಕಿಲ್ಲ. ಅವರಲ್ಲಿ ಇಬ್ಬರು ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮೇಸ್ತ್ರಿಯ ಎಡಗಣ್ಣಿಗೆ ಬೆಳಕು ನೆರಳು ತಿಳಿಯುತ್ತದೆ, ಮುಖಗಳು ತಿಳಿಯುವುದಿಲ್ಲ. ಪರಿಹಾರದ ಕೇಸು ನಡೆಯುತ್ತಿದೆ.

ಪಂಪು ಕಂಪನಿ ನಮ್ಮಿಂದ ತಪ್ಪಿದ ಕೆಲಸವನ್ನು ಎದುರಿನವರಿಗೆ ಕೊಟ್ಟಿತು. ದರ ತೊಂಬತ್ತೆರಡು ರೂಪಾಯಿ ಇಪ್ಪತ್ತು ಪೈಸೆಯೇ. ಆ ದರಕ್ಕೆ ಮಾಡಬಹುದೆಂದು ಒಮ್ಮೆ ಸಾಬೀತಾಗಿದೆಯಲ್ಲ, ಇನ್ನೇಕೆ ಹೆಚ್ಚು ಕೊಡಬೇಕು ಎಂದರಂತೆ ಖರೀದಿ ಅಧಿಕಾರಿ. ಈ ವರ್ಷ ಮಳೆ ಶುರುವಾಗುವ ಮುಂಚೆ ಎದುರಿನ ಮಾಲೀಕರು ನನಗೆ ಫೋನ್ ಮಾಡಿದರು. ನಾನು ಆಗ ಶಿವಮೊಗ್ಗದ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಮಾಡಲು ಸೇರಿದ್ದೆ.

"ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ ಮೇಡಮ್. ಆ ರೇಟಿಗೆ ನೀವು ಹೆಂಗ್ ಮಾಡ್ತಿದ್ರಿ? ನಾನು ಎಷ್ಟ್ ಸಲ ಲೆಕ್ಕ ಹಾಕಿದ್ರೂ ಕೂಡಿ ಬರ್ತಿಲ್ಲ. ಆವತ್ತು ಹರಾಜಲ್ಲೂ ಅಷ್ಟೆ, ನಿಮ್ ಹತ್ರ ಏನೋ ಗುಟ್ಟಿದೆ ಅನ್ಕೊಂಡೇ ನಾನು ತೊಂಬತ್ಮೂರೂವರೆವರೆಗೂ ಇಳ್ದಿದ್ದು."

"ಒಣಗಿಸೋ ಖರ್ಚನ್ನೇ ಲೆಕ್ಕದಿಂದ ತೆಗೆದಿದ್ವಿ ಸಾರ್" ಎಂದೆ. "ಅದೊಂದೇ."

"ಓ" ಎಂದರು. ಆಮೇಲೆ ಥ್ಯಾಂಕ್ಸ್ ಹೇಳಿ ಇಟ್ಟರು.

ಫೋನು ಕೈಯಲ್ಲೇ ಇತ್ತು. ನಾನು ಅವರಿಗೆ ಕೊಟ್ಟದ್ದು ಎಚ್ಚರಿಕೆಯೋ ಉಪಾಯವೋ ನನಗೆ ತಿಳಿಯಲಿಲ್ಲ. ಕಂಬಳಿ ಹಿಡಿದು ಓಡಿಬಂದ ಮನುಷ್ಯ ಅವರು, ಮೇಸ್ತ್ರಿಯನ್ನು ತಮ್ಮ ಕೈಯಾರೆ ಎತ್ತಿದವರು. ಆದರೆ ಅವರ ಮುಂದೆಯೂ ಅದೇ ದರ ಕೂತಿತ್ತು. ಆ "ಓ" ಎನ್ನುವುದರಲ್ಲಿ ಏನಿತ್ತು ಎಂದು ಊಹಿಸಲು ಹೊರಟು, ನಿಲ್ಲಿಸಿದೆ. ಊಹಿಸುವ ಬದಲು ಮೇಸ್ತ್ರಿಗೆ ಫೋನ್ ಮಾಡಿದೆ.

"ನಿಮ್ಮ ಬಾಮೈದಂಗೆ ಹೇಳಿ. ಈ ಮಳೆಗಾಲದಲ್ಲಿ ಬರ್ನರ್ ಹಚ್ಚದೆ ಹಸಿ ಸ್ಕ್ರ್ಯಾಪ್ ಕೊಟ್ರೆ ಹಾಕಬೇಡ ಅಂತ. ಯಾರು ಹೇಳಿದ್ರೂ ಹಾಕಬಾರ್ದು."

"ಅವ್ನು ಹಾಕಲ್ಲ ಅಂದ್ರೆ ಇನ್ನೊಬ್ಬನ್ನ ಇಟ್ಕೋತಾರೆ ಮೇಡಮ್ಮಾ. ಅವ್ನು ಹಾಕ್ತಾನೆ."

ಅದು ನನ್ನ ನಾಲ್ಕು ಚೌಕಕ್ಕಿಂತ ಹಳೆಯ ಲೆಕ್ಕ.

"ಆದ್ರೂ ಹೇಳಿ ಮೇಸ್ತ್ರಿ. ಆ ಇನ್ನೊಬ್ಬಂಗೂ ಹೇಳಿ."

"ಸರಿಮ್ಮ" ಎಂದರು. "ಸಂಜೆ ಬಸ್ಸಿಗೆ ಬರ್ತಾನೆ, ಹೇಳ್ತೀನಿ."